ಹಿಂದಿನವರಿಗೆ ಕಾಣುವ ದೀಪ

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಒಂದು ಸಣ್ಣ ಕೆಂಪು ದೀಪದ ವಿಚಾರ. ಬ್ರೇಕು ತುಳಿದಾಗ ಗಾಡಿಯ ಹಿಂಬದಿಯಲ್ಲಿ ಹತ್ತಿಕೊಳ್ಳುತ್ತದಲ್ಲ, ಆ ದೀಪ. ಮುಂದಿನ ದೀಪ ಕೆಟ್ಟರೆ ದಾರಿ ಕಾಣುವುದಿಲ್ಲ, ಕೂಡಲೇ ತಿಳಿಯುತ್ತದೆ. ಹಾರನ್ನು ಕೆಟ್ಟರೆ ಎದುರಿಗಿರುವ ಎಮ್ಮೆ ಅಲುಗಾಡುವುದಿಲ್ಲ, ಅದೂ ತಿಳಿಯುತ್ತದೆ. ಈ ಬ್ರೇಕ್ ಲೈಟು ಮಾತ್ರ ಕೆಟ್ಟು ಆರು ತಿಂಗಳಾದರೂ ಓಡಿಸುವವನಿಗೆ ಗೊತ್ತಾಗುವುದಿಲ್ಲ. ಅದನ್ನು ನೋಡುವವರು ಹಿಂದೆ ಬರುವವರು.

ನಾನು ಮೆಕ್ಯಾನಿಕ್ ಅಲ್ಲ. ತಾಳವಾಡಿ ಕಡೆಯವನು, ಕನ್ನಡ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದವನು. 1981ರಲ್ಲಿ ಒಂದು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ 2020ರಲ್ಲಿ ನಿವೃತ್ತನಾದೆ. ಬಹುಕಾಲ ಕೂತಿದ್ದು ಸಾಲದ ಕೌಂಟರಿನಲ್ಲಿ. ಟ್ರ್ಯಾಕ್ಟರು, ಟೆಂಪೋ, ಮೋಟಾರ್ ಸೈಕಲ್ಲು ಇವುಗಳ ಆರ್.ಸಿ. ಬುಕ್ಕುಗಳನ್ನು ಸಾವಿರಗಟ್ಟಲೆ ನೋಡಿದ್ದೇನೆ. ಗಾಡಿ ಓಡಿಸಲು ನನಗೆ ಇವತ್ತಿಗೂ ಸರಿಯಾಗಿ ಬಾರದು. ಗಾಡಿಯ ಕಾಗದ ಓದಲು ಮಾತ್ರ ಚೆನ್ನಾಗಿ ಬರುತ್ತದೆ. ಆ ಧೈರ್ಯದಿಂದಲೇ ಈ ಮೈಕಿನ ಮುಂದೆ ಕೂತಿದ್ದೇನೆ.

2022ರ ಬೇಸಿಗೆಯಲ್ಲಿ ನಾನೂ ನಮ್ಮ ಮನೆಯವರೂ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆವು. ಇಂಡಿಯಾನಾ ಎಂಬ ರಾಜ್ಯ, ಸೌತ್ ಬೆಂಡ್ ಎಂಬ ಊರು. ಮಗಳ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರು. ಅಂಚೆ ಇಲಾಖೆಯಲ್ಲಿ ಮನೆಮನೆಗೆ ಕಾಗದ ಹಂಚಿ ನಿವೃತ್ತರಾದವರು. ನನ್ನದು ಮುರುಕು ಇಂಗ್ಲಿಷು, ಅವರದು ಬಾಯಿಯೊಳಗೇ ಉಳಿಯುವ ಇಂಗ್ಲಿಷು. ಆದರೂ ಇಬ್ಬರು ಪೆನ್ಷನ್‌ದಾರರು ಕೂತರೆ ಮಾತಿಗೆ ಬರವಿಲ್ಲ.

ಒಂದು ಬೆಳಿಗ್ಗೆ ಅವರು ಒಂದು ಕವರು ಹಿಡಿದುಕೊಂಡು ಬಂದರು. ಕವರಿನ ಮೇಲೆ ಕೆಂಪು ಅಕ್ಷರದಲ್ಲಿ ‘ರೀಕಾಲ್’ ಎಂದು ಅಚ್ಚಾಗಿತ್ತು. ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ನಮ್ಮ ಬ್ಯಾಂಕಿನಲ್ಲಿ ರೀಕಾಲ್ ನೋಟೀಸು ಎಂದರೆ, ಕಂತು ಕಟ್ಟದೆ ಉಳಿದವರಿಗೆ ‘ಪೂರಾ ಸಾಲ ಒಂದೇ ಸಲ ಕಟ್ಟಿ’ ಎಂದು ಕಳಿಸುವ ಕಾಗದ. ನಾನೇ ಎಷ್ಟು ಟೈಪು ಮಾಡಿದ್ದೇನೋ ಲೆಕ್ಕವಿಲ್ಲ. “ಪಾಪ, ಈ ಯಜಮಾನರು ಕಂತು ಕಟ್ಟಿಲ್ಲ ಅಂತ ಕಾಣ್ತದೆ ಕಣಮ್ಮ” ಎಂದು ಮಗಳ ಕಿವಿಯಲ್ಲಿ ಹೇಳಿದೆ. ಅವಳು ನಕ್ಕುಬಿಟ್ಟಳು. “ಅಪ್ಪಾ, ಇದು ನಿಮ್ಮ ಬ್ಯಾಂಕಿನ ರೀಕಾಲ್ ಅಲ್ಲ. ಇಲ್ಲಿ ತಪ್ಪು ಕಂಪನಿಯವರದು. ಗಾಡಿ ತನ್ನಿ, ಪುಕ್ಕಟೆ ಸರಿಮಾಡಿ ಕೊಡ್ತೀವಿ ಅಂತ ಕರೀತಿದ್ದಾರೆ” ಎಂದಳು.

ಸಾಲ ಕೊಟ್ಟವನು ಸಾಲಗಾರನನ್ನು ಕರೆಯುವುದು ಗೊತ್ತಿತ್ತು. ಮಾರಿದವನು ಕೊಂಡವನನ್ನು ಮತ್ತೆ ಕರೆದು ‘ನಮ್ಮಿಂದ ತಪ್ಪಾಗಿದೆ’ ಎಂದು ಕಾಗದ ಬರೆಯುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಅವರ ಗಾಡಿ ಯಾವುದೆಂದರೆ ಮೋಟಾರ್ ಹೋಮ್, ಅಂದರೆ ಚಕ್ರದ ಮೇಲಿನ ಮನೆ. ನಮ್ಮ ಬಸ್ಸಿನಷ್ಟು ಉದ್ದ. ಒಳಗೆ ಮಂಚ, ಒಲೆ, ಫ್ರಿಜ್ಜು, ಕಕ್ಕಸು, ಸ್ನಾನದ ಜಾಗ ಎಲ್ಲವೂ ಉಂಟು. ನಿವೃತ್ತರಾದ ಗಂಡಹೆಂಡತಿ ಅದರಲ್ಲೇ ಊರೂರು ತಿರುಗುತ್ತಾರೆ. ಸಾಲದ್ದಕ್ಕೆ ಅದರ ಹಿಂದೆ ಒಂದು ಸಣ್ಣ ಕಾರನ್ನೂ ಕಟ್ಟಿ ಎಳೆದುಕೊಂಡು ಹೋಗುತ್ತಾರೆ, ಪೇಟೆಯೊಳಗೆ ಓಡಾಡಲಿಕ್ಕೆ. ಸೌತ್ ಬೆಂಡಿಗೆ ಸಮೀಪದಲ್ಲೇ ಎಲ್ಕ್‌ಹಾರ್ಟ್ ಎಂಬ ಊರಿದೆ. ಇಂಥ ಗಾಡಿಗಳನ್ನು ಕಟ್ಟುವುದಕ್ಕೇ ಆ ಊರು ಪ್ರಸಿದ್ಧ.

‘ಕಟ್ಟುವುದು’ ಎಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೋಟಾರ್ ಹೋಮಿನ ಕೆಳಗಿನ ಚಾಸಿ, ಇಂಜಿನ್ನು, ಬ್ರೇಕು ಇವು ಬಹುಮಟ್ಟಿಗೆ ಒಂದು ದೊಡ್ಡ ಕಂಪನಿಯವು. ಮೇಲಿನ ಮನೆ ಕಟ್ಟುವವರು ಬೇರೆ ಕಂಪನಿಯವರು. ತಮಿಳುನಾಡಿನಲ್ಲಿರುವ ನಮಗೆ ಇದು ಹೊಸದಲ್ಲ. ಬಸ್ಸಿನ ಚಾಸಿ ಕಂಪನಿಯಿಂದ ಬರುತ್ತದೆ, ಬಾಡಿ ಕರೂರಿನಲ್ಲಿ ಕಟ್ಟುತ್ತಾರೆ. ಲಾರಿಯಾದರೆ ನಾಮಕ್ಕಲ್ಲು. ಎರಡು ಕೈ ಸೇರುವ ಜಾಗದಲ್ಲೇ ತಂಟೆ ಹುಟ್ಟುವುದು. ಬ್ರೇಕಿನ ಪೆಡಲು ಚಾಸಿಯವರದು, ಹಿಂಬದಿಯ ದೀಪ ಬಾಡಿಯವರದು, ನಡುವೆ ಮೂವತ್ತು ಅಡಿ ವೈರು. ಆ ವೈರಿಗೆ ಎಲ್ಲೋ ಒಂದು ಗಂಟು ಹಾಕಿರುತ್ತಾರೆ. ಗಂಟಿಗೆ ನೀರು ಇಳಿದರೆ, ಸಡಿಲವಾದರೆ, ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ನಮ್ಮ ಯಜಮಾನರ ಕಾಗದದಲ್ಲಿ ಬರೆದಿದ್ದದ್ದೂ ಇದೇ: ಬ್ರೇಕು ತುಳಿದಾಗ ಹಿಂದಿನ ದೀಪಗಳು ಹತ್ತದೆ ಹೋಗಬಹುದು, ಹಿಂದಿನ ಗಾಡಿಯವರಿಗೆ ಸೂಚನೆ ಸಿಗದೆ ಅಪಘಾತವಾಗಬಹುದು. ಕಂಪನಿಯ ಹೆಸರು ಇಲ್ಲಿ ಬೇಡ.

ನಾನು ಆ ಕಾಗದವನ್ನು ಬ್ಯಾಂಕಿನವರು ಓದುವ ಹಾಗೆ ಓದಿದೆ. ಯಾರ ಜವಾಬ್ದಾರಿ, ಎಷ್ಟು ದಿನ, ಯಾರ ಖರ್ಚು. ಅರ್ಥವಾಗದ್ದನ್ನು ಅಳಿಯನಿಂದ ಕೇಳಿ ತಿಳಿದುಕೊಂಡೆ. ಅಲ್ಲಿ 1966ರಲ್ಲೇ ಇದಕ್ಕೆಂದು ಒಂದು ಕಾನೂನು ಮಾಡಿದ್ದಾರೆ. ನೋಡಿಕೊಳ್ಳಲು ನ್ಯಾಷನಲ್ ಹೈವೇ ಟ್ರಾಫಿಕ್ ಸೇಫ್ಟಿ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಇಲಾಖೆ ಇದೆ. ಸುರಕ್ಷತೆಗೆ ಧಕ್ಕೆ ತರುವ ದೋಷ ಇದೆ ಎಂದು ತೀರ್ಮಾನವಾದ ಮೇಲೆ ಐದು ಕೆಲಸದ ದಿನಗಳೊಳಗೆ ಕಂಪನಿ ಆ ಇಲಾಖೆಗೆ ತಿಳಿಸಬೇಕು. ತಿಳಿಸಿದ 60 ದಿನಗಳೊಳಗೆ ಪ್ರತಿಯೊಬ್ಬ ಮಾಲೀಕರಿಗೂ ಅಂಚೆಯಲ್ಲಿ ಕಾಗದ ಹೋಗಬೇಕು. ಗಾಡಿಗೆ ಹದಿನೈದು ವರ್ಷ ತುಂಬುವವರೆಗೆ ರಿಪೇರಿ ಪುಕ್ಕಟೆ. ಗಾಡಿಯನ್ನು ಬಾಡಿಗೆಗೆ ಕೊಟ್ಟಿದ್ದರೆ, ಕಾಗದ ಬಂದ ಹತ್ತು ದಿನದೊಳಗೆ ಬಾಡಿಗೆಗೆ ಪಡೆದವರಿಗೆ ಮುಟ್ಟಿಸಬೇಕು. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಕಾಗದ ಯಾರ ಹೆಸರಿಗೆ ಬಂತು ಎನ್ನುವುದಕ್ಕಿಂತ ಗಾಡಿ ಯಾರ ಕೈಯಲ್ಲಿದೆ ಎನ್ನುವುದನ್ನು ಯೋಚಿಸಿ ಬರೆದದ್ದು ಅದು.

ಯಜಮಾನರು ಗಾಡಿ ತೆಗೆದುಕೊಂಡು ಹೋದರು, ನಾನೂ ಜೊತೆಗೆ ಹೋದೆ. ವೈರಿನ ಗಂಟು ಬಿಚ್ಚಿ, ಹೊಸದಾಗಿ ಕಟ್ಟಿ, ನೀರು ಇಳಿಯದಂತೆ ಮುಚ್ಚಿ, ಒಬ್ಬ ಹುಡುಗ ಹಿಂದೆ ನಿಂತು ನೋಡಿದ, ಇನ್ನೊಬ್ಬ ಪೆಡಲು ತುಳಿದ. ಅಷ್ಟೇ ಕೆಲಸ. ಒಂದೂವರೆ ಗಂಟೆ ಹಿಡಿಯಿತು. ಕಾಫಿಯನ್ನೂ ಅವರೇ ಕೊಟ್ಟರು, ಅದು ಮಾತ್ರ ಕುಡಿಯುವಂತಿರಲಿಲ್ಲ.

ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ದೊಡ್ಡ ಏರ್ಪಾಡೇ ಎಂದು ತಮಗೆ ಅನ್ನಿಸಬಹುದು. ದೊಡ್ಡ ದೊಡ್ಡ ಕಾರು ಕಂಪನಿಗಳಿಗೂ ಈ ದೀಪ ನೀರು ಕುಡಿಸಿದೆ. 2013ರ ಏಪ್ರಿಲ್ ತಿಂಗಳಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ 16 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಬ್ರೇಕ್ ಲೈಟಿನ ಸ್ವಿಚ್ಚಿಗಾಗಿ ವಾಪಸು ಕರೆದವು. ಪೆಡಲಿನ ಬುಡದಲ್ಲಿ ಬೆರಳುದ್ದದ ಒಂದು ಸ್ವಿಚ್ಚಿರುತ್ತದೆ. ಪೆಡಲು ಕೆಳಗಿಳಿದರೆ ಸ್ವಿಚ್ಚು ಕೂಡಿಕೊಳ್ಳುತ್ತದೆ, ದೀಪ ಹತ್ತುತ್ತದೆ. ಈಗಿನ ಕಾರುಗಳಲ್ಲಿ ಆ ಸ್ವಿಚ್ಚಿಗೆ ಬೇರೆ ಕೆಲಸಗಳನ್ನೂ ಒಪ್ಪಿಸಿದ್ದಾರೆ. ಆಕ್ಸಿಲರೇಟರ್ ತುಳಿಯದೆಯೇ ಒಂದೇ ವೇಗದಲ್ಲಿ ಓಡುವ ಏರ್ಪಾಡು ಇರುತ್ತದಲ್ಲ, ಬ್ರೇಕು ತುಳಿದಾಗ ಅದನ್ನು ಬಿಡಿಸುವುದೂ ಈ ಸ್ವಿಚ್ಚಿನಿಂದಲೇ. ಬೆರಳುದ್ದದ ಸ್ವಿಚ್ಚು ಕೆಟ್ಟರೆ ಇಷ್ಟೂ ಕೆಡುತ್ತದೆ.

2019ರಲ್ಲಿ ಜಪಾನಿನ ಸುಬಾರು ಕಂಪನಿ ಲೋಕದ ತುಂಬ ಸುಮಾರು 22 ಲಕ್ಷ ಕಾರುಗಳನ್ನು ಕರೆಸಿತು. ಕಾರಣ ಕೇಳಿದರೆ ನಗುತ್ತೀರಿ. ಮುಖಕ್ಕೆ ಹಚ್ಚುವ ಅಲಂಕಾರದ ಸಾಮಾನು, ಬಟ್ಟೆ ಮೆದುವಾಗಲು ಹಾಕುವ ದ್ರಾವಣ, ಪಾಲಿಶ್, ಇಂಥವುಗಳಿಂದ ಸಿಲಿಕೋನಿನ ಆವಿ ಏಳುತ್ತದೆ. ಅದು ಸ್ವಿಚ್ಚಿನೊಳಗೆ ಸೇರಿ, ಕಿಡಿ ಹಾರುವ ಜಾಗದಲ್ಲಿ ಪದರ ಕಟ್ಟಿ, ಕರೆಂಟು ಹರಿಯುವುದು ನಿಲ್ಲುತ್ತದೆ. ಹೆಂಡತಿಯ ಪೌಡರು ಗಂಡನ ಬ್ರೇಕ್ ಲೈಟು ಕೆಡಿಸಿತು ಎಂದು ನಾನು ನಮ್ಮ ಮನೆಯಲ್ಲಿ ಹೇಳಿದೆ. ‘ಪಾಲಿಶ್ ಹಾಕುವವರು ಯಾರು’ ಎಂದು ಉತ್ತರ ಬಂತು.

ಕಾರಿನ ಹಿಂದಿನ ಗಾಜಿನ ನಡುವೆ ಎತ್ತರದಲ್ಲಿ ಮೂರನೆಯ ಕೆಂಪು ದೀಪ ಇರುವುದನ್ನು ತಾವು ನೋಡಿರಬಹುದು. ಅದರದೂ ಒಂದು ಕಥೆ ಇದೆ. 1974ರಲ್ಲಿ ಜಾನ್ ವೊಯೆವೊಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೊ ಊರಿನ ಕೆಲವು ಟ್ಯಾಕ್ಸಿಗಳಿಗೆ ಇಂಥ ದೀಪ ಕೂರಿಸಿ, ಕೆಲವನ್ನು ಹಾಗೇ ಬಿಟ್ಟು, ಹಿಂದಿನಿಂದ ಗುದ್ದಿಸಿಕೊಂಡ ಲೆಕ್ಕ ಇಟ್ಟರು. ದೀಪ ಇದ್ದವು ಗುದ್ದಿಸಿಕೊಂಡದ್ದು ಅರ್ಧಕ್ಕಿಂತ ಕಡಿಮೆ. 1986ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ಅದು ಕಡ್ಡಾಯವಾಯಿತು. ಎಲ್ಲ ಕಾರಿಗೂ ಬಂದು ಜನರ ಕಣ್ಣಿಗೆ ರೂಢಿಯಾದ ಮೇಲೆ ಉಳಿದ ಲಾಭ ನೂರಕ್ಕೆ ನಾಲ್ಕರಷ್ಟು ಎಂದು ಸರ್ಕಾರವೇ ಆಮೇಲೆ ಲೆಕ್ಕ ಹಾಕಿತು. ನಾಲ್ಕೇ ಆದರೂ ಬಿಡಲಿಲ್ಲ, ಮುಂದುವರಿಸಿದರು. ನೂರರಲ್ಲಿ ನಾಲ್ವರು ಯಾರ ಮನೆಯವರೋ ಇರುತ್ತಾರಲ್ಲ.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಆ ವರ್ಕ್‌ಶಾಪಿನ ಬೆಂಚಿನಲ್ಲಿ ಕೂತು ಯಜಮಾನರ ಕಾಗದವನ್ನು ಎರಡನೆಯ ಸಲ ಓದುವಾಗ ನನ್ನ ಕಣ್ಣು ತೇವವಾಗಿತ್ತು. ಅವರು ಗಮನಿಸಿದರೋ ಇಲ್ಲವೋ, ಕೇಳಲಿಲ್ಲ. ನನಗೆ ದಿಂಬಂ ಘಾಟಿ ನೆನಪಾಗಿತ್ತು.

ನಮ್ಮ ಕಡೆಯವರಿಗೆ ದಿಂಬಂ ಘಾಟಿಯ ಪರಿಚಯ ಹೇಳಬೇಕಿಲ್ಲ. ಬೇರೆ ಗಡಿಯ ಕೇಳುಗರಿಗಾಗಿ ಹೇಳುತ್ತೇನೆ. ತಾಳವಾಡಿ ಬೆಟ್ಟದ ಮೇಲಿದೆ. ನಮ್ಮ ಕೋಸು, ಟೊಮೆಟೊ, ಬೀಟ್‌ರೂಟು ಸತ್ಯಮಂಗಲ, ಮೇಟುಪಾಳ್ಯದ ಮಂಡಿಗಳಿಗೆ ಹೋಗಬೇಕಾದರೆ ಆಸನೂರು ದಾಟಿ ದಿಂಬಂನಿಂದ ಬಣ್ಣಾರಿ ಅಮ್ಮನ ಗುಡಿಯವರೆಗೆ 27 ಹೇರ್‌ಪಿನ್ ತಿರುವು ಇಳಿಯಬೇಕು. ಮೇಲಿನಿಂದ ಕೆಳಗಿನವರೆಗೆ ಲಾರಿಯ ಮೂತಿಗೆ ಟೆಂಪೋದ ಬಾಲ, ಟೆಂಪೋದ ಮೂತಿಗೆ ಬಸ್ಸಿನ ಬಾಲ. ಮುಂದಿನವನು ನಿಂತದ್ದು ಹಿಂದಿನವನಿಗೆ ತಿಳಿಯುವುದು ಆ ಕೆಂಪು ದೀಪದಿಂದ ಮಾತ್ರ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಓಡುತ್ತದೆ. ಹಿಂದಿನವನು ‘ಅರೆ’ ಎನ್ನುವಷ್ಟರಲ್ಲಿ 11 ಮೀಟರು ಹೋಯಿತು.

ನನ್ನ ಅಕ್ಕನ ಮಗ 2013ರಲ್ಲಿ ಒಂದು ಮಿನಿ ಟೆಂಪೋ ಕೊಂಡ. ಸೆಕೆಂಡ್ ಹ್ಯಾಂಡು, ಕೆ.ಎ. ನಂಬರು. ಮೊದಲ ಮಾಲೀಕರು ಆ ಕಡೆಯ ನಂಜನಗೂಡು ತಾಲೂಕಿನವರು, ನಡುವೆ ಒಬ್ಬ ಬ್ರೋಕರು. ಕಾಗದಪತ್ರ ನೋಡಿದವನು ನಾನು. ಸಾಲ ತೀರಿದ್ದಕ್ಕೆ ನಮೂನೆ 35, ಮಾರಾಟಕ್ಕೆ ನಮೂನೆ 29 ಮತ್ತು 30, ಕರ್ನಾಟಕ ಬಿಟ್ಟು ತರುವುದಕ್ಕೆ ನಮೂನೆ 28ರ ಎನ್.ಓ.ಸಿ., ಎಲ್ಲಕ್ಕೂ ರುಜು ಬಿದ್ದಿತ್ತು. ಆರ್.ಟಿ.ಓ. ಆಫೀಸಿಗೆ ಹೋಗಿ ಹೆಸರು ಬದಲಾಯಿಸಿ ತಮಿಳುನಾಡಿನ ನಂಬರು ಹಾಕಿಸುವುದಷ್ಟೇ ಬಾಕಿ. ಅದಕ್ಕೆ ಇಲ್ಲಿ ಮತ್ತೆ ರೋಡ್ ಟ್ಯಾಕ್ಸು ಕಟ್ಟಬೇಕು. ಆ ಕಡೆ ಕಟ್ಟಿದ್ದು ಯಾವಾಗ ವಾಪಸು ಬರುತ್ತದೋ ದೇವರೇ ಬಲ್ಲ. ಗಡಿಯಲ್ಲಿರುವ ನಮಗೆಲ್ಲ ಈ ಕಷ್ಟ ಗೊತ್ತು. “ಏನ್ ಮಾಡನ ಮಾವ?” ಎಂದು ಅವನು ಕೇಳಿದ. ನಾನು ಹೇಳಿದೆ, “ಈ ಬೆಳೆ ಬರಲಿ, ಆಮೇಲೆ ಮಾಡಿಸಿದರಾಯಿತು.” ಕಾಗದಗಳನ್ನು ಒಂದು ಕವರಿನಲ್ಲಿ ಹಾಕಿ ನಮ್ಮ ಮನೆಯ ಬೀರುವಿನಲ್ಲಿಟ್ಟೆ. ಮೂರು ವರ್ಷ ಅವು ಅಲ್ಲೇ ಇದ್ದವು. ದಿನವೂ ಬೇರೆಯವರಿಗೆ ‘ಕಾಗದ ಸರಿ ಇಟ್ಟುಕೊಳ್ಳಿ’ ಎಂದು ಬುದ್ಧಿ ಹೇಳುತ್ತಿದ್ದವನು ನಾನು.

2016ರ ಒಂದು ಬೆಳಿಗ್ಗೆ, ಮಂಜು ಕವಿದಿದ್ದಾಗ, ಅವನು ಟೊಮೆಟೊ ತುಂಬಿಕೊಂಡು ಘಾಟಿ ಇಳಿಯುತ್ತಿದ್ದ. ಕ್ರೇಟುಗಳ ಮೇಲೆ ಲೋಡಿಂಗ್ ಹುಡುಗ ಕೂತಿದ್ದ, ಹತ್ತೊಂಬತ್ತು ವರ್ಷದವನು. ಹಾಗೆ ಕೂರಿಸುವುದು ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ತಿರುವಿನಲ್ಲಿ ಎದುರಿಗೆ ಬಸ್ಸು ಬಂತೆಂದು ಅಳಿಯ ಬ್ರೇಕು ತುಳಿದು ನಿಂತ. ಹಿಂದಿನ ಲಾರಿ ನಿಲ್ಲಲಿಲ್ಲ. ವೇಗ ಹೆಚ್ಚಿರಲಿಲ್ಲ, ಗಾಡಿಗೂ ಬಹಳ ಪೆಟ್ಟಾಗಲಿಲ್ಲ. ಆದರೆ ಹುಡುಗನ ಎಡಗಾಲು ಲಾರಿಯ ಬಂಪರಿಗೂ ಟೆಂಪೋದ ಹಲಗೆಗೂ ನಡುವೆ ಸಿಕ್ಕಿತು.

ನಾನು ಸತ್ಯಮಂಗಲದ ಆಸ್ಪತ್ರೆಗೆ ಹೋದಾಗ ಲಾರಿ ಡ್ರೈವರು ಅಲ್ಲೇ ಗೋಡೆಗೊರಗಿ ಕೂತು ಅಳುತ್ತಿದ್ದ. “ಲೈಟೇ ಎರಿಯಲೆ ಸಾರ್, ನಾನ್ ಎನ್ನ ಪಣ್ಣಟ್ಟುಂ?” ಎಂದ. ನಾವು ಅವನ ಮಾತು ನಂಬಲಿಲ್ಲ. ಅಕ್ಕನ ಮಗ ಅವನ ಕೊರಳಪಟ್ಟಿ ಹಿಡಿದ. ರಾತ್ರಿ ಹೊತ್ತು ಹಿಂದಿನ ದೀಪ ಚೆನ್ನಾಗಿ ಉರಿಯುತ್ತಿತ್ತು ಎಂದು ಅವನ ವಾದ. ಅಲ್ಲೇ ನಾವೆಲ್ಲ ತಪ್ಪುವುದು. ಆ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ. ಒಂದು ಮಂದ, ರಾತ್ರಿ ಸದಾ ಉರಿಯುವುದು. ಇನ್ನೊಂದು ಪ್ರಖರ, ಬ್ರೇಕು ತುಳಿದಾಗ ಮಾತ್ರ ಉರಿಯುವುದು. ಒಂದು ಉರಿದರೆ ಇನ್ನೊಂದೂ ಉರಿಯುತ್ತದೆ ಎಂದು ಅರ್ಥವಲ್ಲ.

ಗಾಡಿಯನ್ನು ಕಂಪನಿಯ ವರ್ಕ್‌ಶಾಪಿಗೆ ಎಳೆದುಕೊಂಡು ಹೋದೆವು. ಕೌಂಟರಿನಲ್ಲಿದ್ದ ಹುಡುಗ ಚಾಸಿ ನಂಬರನ್ನು ಕಂಪ್ಯೂಟರಿಗೆ ಹಾಕಿದ. ಹಾಕಿ, ನಮ್ಮ ಮುಖ ನೋಡಿದ. “ಇದಕ್ಕೆ ಬ್ರೇಕ್ ಸ್ವಿಚ್ ಬದಲಾಯಿಸಬೇಕು ಅಂತ 2014ರಿಂದ ಬಾಕಿ ತೋರಿಸ್ತಾ ಇದೆ. ಮಾಲೀಕರಿಗೆ ಎರಡು ಸಲ ಕಾಗದ ಹೋಗಿದೆ, ನೀವು ಬರಲಿಲ್ಲವಲ್ಲ” ಎಂದ. ಕಾಗದ ಹೋದದ್ದು ನಿಜ. ಆರ್.ಸಿ. ಬುಕ್ಕಿನಲ್ಲಿದ್ದ ಹೆಸರಿಗೆ, ನಂಜನಗೂಡಿನ ಕಡೆಯ ವಿಳಾಸಕ್ಕೆ ಹೋಗಿತ್ತು. ಅವರು ಗಾಡಿ ಮಾರಿಯಾಗಿತ್ತು, ನಮ್ಮನ್ನು ಅವರು ನೋಡಿದವರೇ ಅಲ್ಲ, ಬ್ರೋಕರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದರು. ಬದಲಾಯಿಸಬೇಕಾಗಿದ್ದ ಸ್ವಿಚ್ಚು ಅಂಗೈಯಲ್ಲಿ ಮುಚ್ಚಿಡುವಷ್ಟಿತ್ತು. ಹತ್ತು ನಿಮಿಷದಲ್ಲಿ ಪುಕ್ಕಟೆ ಹಾಕಿಕೊಟ್ಟರು. ಅಳಿಯ ಅಲ್ಲಿಂದ ನೇರ ಹೋಗಿ ಆ ಲಾರಿ ಡ್ರೈವರಿನ ಕೈ ಹಿಡಿದುಕೊಂಡ.

ಕೇಸು ನಾಲ್ಕು ವರ್ಷ ನಡೆಯಿತು. ಪಾಲಿಸಿಯಲ್ಲಿ ಒಂದು ಹೆಸರು, ಬುಕ್ಕಿನಲ್ಲೂ ಅದೇ ಹೆಸರು, ಗಾಡಿ ಹಿಡಿದವನದು ಬೇರೆ ಹೆಸರು. ವಕೀಲರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ನನ್ನ ಬೀರುವಿನಲ್ಲಿದ್ದ ಕವರಿನಲ್ಲಿತ್ತು. ಹುಡುಗನ ತಾಯಿ ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಈಗ ಕಾಲ ಸ್ವಲ್ಪ ಬದಲಾಗಿದೆ. ಆಗ ನಮ್ಮ ದೇಶದಲ್ಲಿ ಗಾಡಿ ವಾಪಸು ಕರೆಯುವುದು ಕಂಪನಿಗಳು ತಾವಾಗಿ 2012ರಲ್ಲಿ ಒಪ್ಪಿಕೊಂಡ ಒಂದು ಪದ್ಧತಿ ಮಾತ್ರ ಆಗಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ತಂದು, 2021ರ ಏಪ್ರಿಲ್ 1ರಿಂದ ನಿಯಮ ಜಾರಿ ಮಾಡಿದರು. ಒಂದೇ ಬಗೆಯ ಗಾಡಿಯ ಮೇಲೆ ಗೊತ್ತಾದ ಸಂಖ್ಯೆಯಷ್ಟು ದೂರು ಬಂದರೆ ಸರ್ಕಾರವೇ ವಿಚಾರಣೆ ನಡೆಸಿ ವಾಪಸು ಕರೆಸಬಹುದು. ಕಂಪನಿಗೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಕಂಪನಿಗಳು ತಾವೇ ಕರೆಯುವುದೂ ಹೆಚ್ಚಾಗಿದೆ. ನಮ್ಮ ತಮಿಳುನಾಡಿನಲ್ಲೇ ತಯಾರಾಗುವ ರಾಯಲ್ ಎನ್‌ಫೀಲ್ಡ್ ಬೈಕಿನವರು 2021ರ ಡಿಸೆಂಬರಿನಲ್ಲಿ ಹಿಂಬದಿ ಬ್ರೇಕಿನ ಒಂದು ಭಾಗಕ್ಕಾಗಿ 26,300 ಕ್ಲಾಸಿಕ್ ಬೈಕುಗಳನ್ನು ಕರೆಸಿದರು. ಹಾಗೆ ಕರೆದರೆಂದು ಆ ಕಂಪನಿ ಕೆಟ್ಟದ್ದು ಎಂದು ತಿಳಿಯಬಾರದು. ಕರೆಯದೆ ಸುಮ್ಮನಿರುವವರ ಬಗ್ಗೆ ನನಗೆ ಹೆಚ್ಚು ಅನುಮಾನ.

ಆದರೆ ಒಂದು ಮಾತು ಹೇಳಬೇಕು. ನಮ್ಮ ನಿಯಮ ಏಳು ವರ್ಷ ದಾಟದ ಗಾಡಿಗಳಿಗೆ ಮಾತ್ರ. ಇದು ಪಟ್ಟಣದವರನ್ನು ನೋಡಿ ಬರೆದ ಲೆಕ್ಕ ಎಂದು ನನ್ನ ಅಭಿಪ್ರಾಯ. ಪಟ್ಟಣದಲ್ಲಿ ಏಳು ವರ್ಷ ಓಡಿದ ಮೇಲಲ್ಲವೇ ಟೆಂಪೋ ನಮ್ಮ ಹಳ್ಳಿಗೆ ಬರುವುದು? ಅಲ್ಲಿ ಅದರ ಆಯುಸ್ಸು ಮುಗಿದಾಗ ಇಲ್ಲಿ ನಾಮಕರಣ. ಅಮೆರಿಕದಲ್ಲಿಯೂ ಕೈ ಬದಲಾದ ಹಳೆಯ ಗಾಡಿಗಳೇ ರಿಪೇರಿಗೆ ಬಾರದೆ ಹೆಚ್ಚಾಗಿ ಉಳಿದುಹೋಗುತ್ತವೆ, ಆದರೂ ಅವರು ಹದಿನೈದು ವರ್ಷ ಬಾಗಿಲು ತೆರೆದಿಟ್ಟಿದ್ದಾರೆ.

ಹಾಗಾಗಿ ತಮ್ಮಲ್ಲಿ ನನ್ನ ವಿನಂತಿ. ಗಾಡಿ ಯಾರ ಕೈಯಿಂದ ಬಂದಿದ್ದರೂ ಮೊದಲು ಬುಕ್ಕಿನಲ್ಲಿ ತಮ್ಮ ಹೆಸರು ಬರಲಿ. ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು ಕಾನೂನಿದೆ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ದಾಟಿ ಇಲ್ಲೇ ಉಳಿದರೆ ಇಲ್ಲಿಯ ನಂಬರು ಹಾಕಿಸಬೇಕು. ಟ್ಯಾಕ್ಸು ಕಷ್ಟವೇ, ನಾನು ಇಲ್ಲವೆನ್ನುವುದಿಲ್ಲ. ಬುಕ್ಕಿಗೆ ಈಗ ಓಡುತ್ತಿರುವ ಮೊಬೈಲ್ ನಂಬರು ಸೇರಿಸಿ. ಅಷ್ಟರವರೆಗೆ ಕಾಯುವುದೂ ಬೇಡ. ಬುಕ್ಕಿನಲ್ಲಿ ಚಾಸಿ ನಂಬರು ಇರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಆ ಕಂಪನಿಯ ಯಾವ ಷೋರೂಮಿಗಾದರೂ ಹೋಗಿ, “ಇದರ ಮೇಲೆ ರೀಕಾಲ್ ಬಾಕಿ ಇದೆಯಾ ನೋಡಿ” ಎಂದು ಕೇಳಿ. ಹಲವು ಕಂಪನಿಗಳು ಮೊಬೈಲಿನಲ್ಲೇ ನೋಡಿಕೊಳ್ಳುವ ಸೌಕರ್ಯ ಇಟ್ಟಿವೆ, ಮನೆಯ ಮಕ್ಕಳು ನೋಡಿಕೊಡುತ್ತಾರೆ. ಗಾಡಿ ಮಾರಿದವರಿಗೂ ಹೇಳುತ್ತೇನೆ, ಅಂಥ ಕಾಗದ ಬಂದರೆ ಹರಿದು ಬಿಸಾಡಬೇಡಿ. ಬ್ರೋಕರಿಗಾದರೂ ಒಂದು ಫೋನು ಮಾಡಿ.

ದೀಪವನ್ನು ನೋಡಿಕೊಳ್ಳಲು ಮೆಕ್ಯಾನಿಕ್ ಬೇಕಿಲ್ಲ. ಮಬ್ಬುಗತ್ತಲಲ್ಲಿ ಗಾಡಿಯ ಹಿಂಬದಿಯನ್ನು ಸುಣ್ಣದ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬ್ರೇಕು ತುಳಿಯಿರಿ. ಗೋಡೆ ಕೆಂಪಗಾಗುವುದು ಕನ್ನಡಿಯಲ್ಲಿ ಕಾಣುತ್ತದೆ. ಮೋಟಾರ್ ಸೈಕಲ್ಲಿನವರು ಕೈ ಬ್ರೇಕು, ಕಾಲು ಬ್ರೇಕು ಎರಡನ್ನೂ ಬೇರೆ ಬೇರೆ ಹಿಡಿದು ನೋಡಬೇಕು, ಎರಡಕ್ಕೂ ಬೇರೆ ಸ್ವಿಚ್ಚು. ಟ್ರ್ಯಾಕ್ಟರಿನ ಟ್ರೈಲರಿಗೆ ದೀಪದ ವೈರೇ ಎಳೆಯದೆ ಬಿಟ್ಟವರಿಗೆ ಏನು ಹೇಳಲಿ? ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನಾದರೂ ಈ ಸಂಜೆಯೇ ಅಂಟಿಸಿ, ವೈರನ್ನು ಈ ವಾರದಲ್ಲಿ ಎಳೆಸಿ.

2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ, ಗಾಡಿಗಳೆಲ್ಲ ಬೆಳಗಾಗುವುದನ್ನು ಕಾದು ಸಾಲಾಗಿ ಇಳಿಯುತ್ತವೆ. ನನ್ನ ಅಕ್ಕನ ಮಗ ಈಗಲೂ ತರಕಾರಿ ಹೊಡೆಯುತ್ತಾನೆ. ಗಾಡಿ ಬೇರೆ, ನಂಬರು ತಮಿಳುನಾಡಿನದು, ಹೆಸರು ಅವನದೇ. ಆ ಹುಡುಗ ಎಡಗಾಲು ಎಳೆದುಕೊಂಡೇ ನಡೆಯುತ್ತಾನೆ, ಲೋಡು ಹೊರುವುದಾಗುವುದಿಲ್ಲ, ಅವನ ಜೊತೆಯಲ್ಲೇ ತೂಕದ ಲೆಕ್ಕ ನೋಡಿಕೊಳ್ಳುತ್ತಾನೆ. ಗಾಡಿ ಹೊರಡುವ ಹೊತ್ತಿಗೆ ಕೋಲೂರಿಕೊಂಡು ಅದರ ಹಿಂದೆ ಬಂದು ನಿಲ್ಲುತ್ತಾನೆ. ಅಳಿಯ ಮುಂದೆ ಕೂತು ಪೆಡಲು ತುಳಿಯುತ್ತಾನೆ. ನಮ್ಮ ಮನೆಯ ಜಗುಲಿಗೆ ಆ ಕೂಗು ಕೇಳಿಸುತ್ತದೆ. ಮೊನ್ನೆ ಕೇಳಿದ್ದು ಹೀಗೆ: “ಬಲಗಡೇದು ಹತ್ಕತು ಕನಣ್ಣ. ಎಡಗಡೇದು ಬರ್ನಿಲ್ಲ. ತಡಿ, ಹೊರಡ್ಬೇಡ.”